ಅಗಸಿ ಹಾಕಿದ ಮೇಲೆ

ನಮ್ಮ ಅಡಿಗೆಮನೆಯ ಗೋಡೆಯ ಮೊಳೆಗೆ ಹಿತ್ತಾಳೆಯ ಕೀಲಿಕೈಯೊಂದು ಇಪ್ಪತ್ತೈದು ವರ್ಷಗಳಿಂದ ತೂಗುಬಿದ್ದಿದೆ. ಅದು ತೆಗೆಯುತ್ತಿದ್ದ ಕೀಲಿ ಈಗಿಲ್ಲ. ಕೀಲಿ ಹಾಕುತ್ತಿದ್ದ ಗೇಟೂ ಇಲ್ಲ. ಆ ಕಟ್ಟಡವನ್ನೇ ಕೆಡವಿ ರಸ್ತೆ ಅಗಲ ಮಾಡಿದರು. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಸೊಸೆ, "ಇದನ್ನ ಒಗದು ಬಿಡ್ಲೇನ್ರಿ ಅತ್ತಿ?" ಎಂದು ಕೇಳುತ್ತಾಳೆ. "ಇರ್ಲಿ ಬಿಡವಾ" ಎನ್ನುತ್ತೇನೆ. ಯಾಕೆ ಎಂದು ಅವಳು ಇನ್ನೂ ಕೇಳಿಲ್ಲ. ಕೇಳಿದರೆ ಕಳಸಾಪುರದಿಂದ ಹೇಳುತ್ತ ಬರಬೇಕಾಗುತ್ತದೆ.

ಕಳಸಾಪುರ ನನ್ನ ತವರು. ಗದಗಿನಿಂದ ನಡೆದೇ ಹೋಗಿ ಬರಬಹುದಾದಷ್ಟು ಹತ್ತಿರ. ಗದಗಿನಲ್ಲಿ ಕಳಸಾಪುರ ರಸ್ತೆ ಎಂದೇ ಒಂದು ರಸ್ತೆಯಿದೆ. ಸಂತೆಗೆ, ಸಿನೇಮಾಕ್ಕೆ, ದವಾಖಾನೆಗೆ, ಆಮೇಲೆ ನನ್ನ ಹೈಸ್ಕೂಲಿಗೆ, ಎಲ್ಲಕ್ಕೂ ನಮಗೆ ಗದಗೇ. ಆಗ ಅದು ಧಾರವಾಡ ಜಿಲ್ಲೆಯ ತಾಲ್ಲೂಕು. ಜಿಲ್ಲೆಯಾದದ್ದು 1997ರಲ್ಲಿ.

ನಮ್ಮ ಅಜ್ಜ ಹೇಳುತ್ತಿದ್ದ ಕತೆಗಳಲ್ಲಿ ಅಗಸಿ ಬಾಗಿಲು ಬರದ ಕತೆಯೇ ಇರುತ್ತಿರಲಿಲ್ಲ. ಅಗಸಿ ಎಂದರೆ ಊರ ಬಾಗಿಲು. ಪೇಂಢಾರಿಗಳ ಕಾಲದ ಅಂಜಿಕೆಯೋ ಏನೋ, ನಮ್ಮ ಕಡೆಯ ಹಳೆಯ ಊರುಗಳಿಗೆ ಕೋಟೆಗೋಡೆ, ಅಗಸಿ ಇದ್ದವು. ಕತ್ತಲಾದ ಮೇಲೆ ಕದ ಹಾಕಿದರೆ ಮುಗಿಯಿತು. ತಡವಾಗಿ ಬಂದ ಊರವನಿಗೆ ದಿಡ್ಡಿ ಬಾಗಿಲು ತೆಗೆದಾರು, ಗುರುತಿಲ್ಲದವನು ಹೊರಗೇ ಮಲಗಬೇಕು. ಆದರೆ ಹೊರಗೆ ಮಲಗುವವನಿಗೂ ಒಂದು ಜಾಗವಿರುತ್ತಿತ್ತು. ಅಗಸಿಯ ಹೊರಮೈಗೆ ಕಲ್ಲಿನ ಕಟ್ಟೆ ಇರುತ್ತಿತ್ತು, ಇಲ್ಲವೆ ಹನಮಪ್ಪನ ಗುಡಿ, ಅದರ ಮುಂದೆ ಪೌಳಿ. ಕದ ಮುಚ್ಚುವವರೇ ಹೊರಗೆ ಉಳಿದವನು ಎಲ್ಲಿ ಮೈಚಾಚಬೇಕು ಎಂಬುದನ್ನೂ ಕಟ್ಟಿಸಿ ಇಟ್ಟಿದ್ದರು. ಇದು ಅಜ್ಜನ ಮಾತಲ್ಲ, ನನ್ನ ಮಾತು. ಅಜ್ಜನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ನನ್ನ ಕಾಲಕ್ಕೆ ಅಗಸಿಯ ಕದ ಹೋಗಿ ಹೆಸರಷ್ಟೇ ಉಳಿದಿತ್ತು. ಚಾವಡಿ ಮಾತ್ರ ಇತ್ತು. ಮೂರು ಕಡೆ ಗೋಡೆ, ಮುಂದೆ ಕಟ್ಟಿಗೆಯ ಕಂಬ, ಕದವಿಲ್ಲ. ಗೊಂದಲಿಗರು, ಕಿಳ್ಳಿಕ್ಯಾತರು, ಬುಡಬುಡಿಕೆಯವರು, ಸುಗ್ಗಿಗೆ ಬಂದ ಕೂಲಿಯವರು ಅಲ್ಲೇ ಇಳಿಯುತ್ತಿದ್ದರು. ರಾತ್ರಿ ತಳವಾರ ಹೋಗಿ, "ಯಾವೂರು? ಎಷ್ಟ ಮಂದಿ? ಯಾವಾಗ ಎದ್ದು ಹೊಕ್ಕೀರಿ?" ಎಂದು ಕೇಳಿ ಬರುತ್ತಿದ್ದ. ಇದೇನೋ ಊರ ಪದ್ಧತಿ ಎಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಮುಂಬಯಿ ಸರಕಾರ 1867ರಲ್ಲಿ ಹಳ್ಳಿಯ ಪೊಲೀಸರ ಸಲುವಾಗಿ ಒಂದು ಕಾಯಿದೆ ಮಾಡಿತ್ತು. ಊರಿನ ಕಾವಲು ಪೊಲೀಸ್ ಪಾಟೀಲನ ಹೊಣೆ, ಊರಿಗೆ ಬಂದ ಅಪರಿಚಿತರ ಮೇಲೆ ಕಣ್ಣಿಡುವುದೂ ಅದರಲ್ಲಿ ಬರುತ್ತಿತ್ತು. ನಮ್ಮ ತಳವಾರ ಕೇಳುತ್ತಿದ್ದ ಪ್ರಶ್ನೆಗಳ ಬೇರು ಅಲ್ಲಿಯವರೆಗೆ ಹೋಗಿತ್ತು! ಆದರೂ ಅವನು ಕೇಳಿ ಬಂದ ಮೇಲೆ ಅವನ ಹೆಂಡತಿಯೇ ಮನೆಮನೆಗೆ ಬಂದು, "ಚಾವಡ್ಯಾಗ ಕೂಸಿನ ಮಂದಿ ಅದಾರವ್ವ, ರೊಟ್ಟಿ ಕೊಡ್ರಿ" ಎಂದು ಬುಟ್ಟಿ ಒಡ್ಡುತ್ತಿದ್ದಳು.

ಹಿಂದಿನವರೆಲ್ಲ ದಾನಶೂರರು, ನಾವೇ ಕೆಟ್ಟವರು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಗದಗಿನ ತ್ರಿಕೂಟೇಶ್ವರ ಗುಡಿಗೆ ಹೊಯ್ಸಳ ವೀರಬಲ್ಲಾಳ 1192ರಲ್ಲಿ ದತ್ತಿ ಬಿಟ್ಟ ಶಾಸನವಿದೆ. ನಮ್ಮ ಸೀಮೆಯ ಇಂಥ ಶಾಸನಗಳನ್ನು ಓದಿದರೆ ಪೂಜೆ, ಜೀರ್ಣೋದ್ಧಾರ, ವಿದ್ಯಾದಾನಗಳ ಜೊತೆಗೆ ಅನ್ನದಾನವೂ ಬರುತ್ತದೆ. ಆದರೆ ಅನ್ನ ಯಾರಿಗೆ? ತಪೋಧನರಿಗೆ, ಬ್ರಾಹ್ಮಣರಿಗೆ, ಓದುವ ಹುಡುಗರಿಗೆ. ಬರಗಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಂಗಸಿನ ಹೆಸರನ್ನು ಕಲ್ಲಿನಲ್ಲಿ ಯಾರೂ ಕೊರೆಯಿಸಿದ್ದನ್ನು ನಾನು ಕಂಡಿಲ್ಲ. ಅಂಥವಳು ಬಾಗಿಲಿಲ್ಲದ ಕಟ್ಟೆಯ ಮೇಲೆ ಮಲಗುತ್ತಿದ್ದಳು. ಚಾವಡಿಯಲ್ಲೂ ಎಲ್ಲರಿಗೂ ಮೇಲಿನ ಕಟ್ಟೆ ಸಿಗುತ್ತಿರಲಿಲ್ಲ. ಕೆಲವರು ಮೆಟ್ಟಲ ಕೆಳಗೇ ಉಳಿಯುತ್ತಿದ್ದರು ಎಂಬುದನ್ನು ನಾನು ಚಿಕ್ಕವಳಿದ್ದಾಗ ನೋಡಿಯೂ ನೋಡಿರಲಿಲ್ಲ.

ಕದವಿರುವ, ಗಡಿಯಾರವಿರುವ ಸಾರ್ವಜನಿಕ ಜಾಗ ನಮ್ಮ ಕಡೆ ಬಂದದ್ದು ರೈಲಿನ ಜೊತೆ ಎಂದು ನನಗೆ ಅನ್ನಿಸುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯ ಮೀಟರ್‌ಗೇಜ್ ಗದಗಿಗೆ ಬಂತು. ಹತ್ತಿಯ ಅಂಡಿಗೆಗಳ ಜೊತೆಗೆ ಮನುಷ್ಯರೂ ಹತ್ತಿ ಇಳಿಯತೊಡಗಿದರು. ಕಾಯುವವರಿಗೆ ಮುಸಾಫಿರಖಾನೆ ಆಯಿತು. ಸಾಹೇಬರಿಗೆ ಕುರ್ಚಿ ಇದ್ದ ಕೋಣೆ, ಮೂರನೆಯ ವರ್ಗದವರಿಗೆ ಬರೀ ನೆಲ. ಆ ಮೂರನೆಯ ವರ್ಗದ ಪಾಡನ್ನು ಕುರಿತು ಗಾಂಧೀಜಿ 1917ರಲ್ಲಿ ಪತ್ರಿಕೆಗಳಿಗೆ ಬರೆದದ್ದು ಎಲ್ಲರಿಗೂ ಗೊತ್ತು. ನನ್ನ ಮಾತು ಬೇರೆ. ರೈಲಿಗೆ ಕಾಯುವವನಿಗೂ ಬೆಳಗಾಗಲಿ ಎಂದು ಕಾಯುವವನಿಗೂ ವ್ಯತ್ಯಾಸ ಮೊದಲು ಮಾಡಿದ್ದು ಆ ಮುಸಾಫಿರಖಾನೆ. ಒಬ್ಬನ ಕೈಯಲ್ಲಿ ತಿಕೀಟು, ಇನ್ನೊಬ್ಬನ ಕೈ ಖಾಲಿ. ಚಾವಡಿಯ ತಳವಾರ ಯಾವೂರು ಎಂದು ಕೇಳುತ್ತಿದ್ದ, ಇಲ್ಲಿ ತಿಕೀಟು ಎಲ್ಲಿ ಎಂದು ಕೇಳಿದರು. ಪ್ಲಾಟ್‌ಫಾರ್ಮ್ ತಿಕೀಟಿಗೆ ಎರಡೇ ತಾಸಿನ ಆಯುಷ್ಯ. 1989ರಲ್ಲಿ ಬಂದ ರೇಲ್ವೆ ಕಾಯಿದೆ ನಿಲ್ದಾಣದಲ್ಲಿ ಭಿಕ್ಷೆ ಬೇಡುವುದಕ್ಕೂ, ಅನುಮತಿಯಿಲ್ಲದೆ ರೇಲ್ವೆ ಜಾಗ ಹೊಗುವುದಕ್ಕೂ ಶಿಕ್ಷೆಯ ಕಲಮುಗಳನ್ನು ಇಟ್ಟಿತ್ತು. ಕಾಯಿದೆ ಬೇಡ ಎಂದು ಹೇಗೆ ಹೇಳಲಿ? ಹಡೆದ ಮಗಳನ್ನು ಕರೆದುಕೊಂಡು ನಡುರಾತ್ರಿ ಗಾಡಿಗೆ ಕಾಯುವಾಗ ಬಾಕಿನ ಮೇಲೆ ಕಾಲು ಚಾಚಿ ಮಲಗಿದ್ದವನನ್ನು ಎಬ್ಬಿಸಿದ ಪೊಲೀಸನಿಗೆ ನಾನೇ ಕೈ ಮುಗಿದಿದ್ದೇನೆ.

ಈ ವಿಷಯದಲ್ಲಿ ಗದಗಿಗೆ ಇನ್ನೊಂದು ಚರಿತ್ರೆ ಇದೆ. ನಮ್ಮ ಪಠ್ಯಪುಸ್ತಕದಲ್ಲಿ ಅದು ಬಂದಿರಲಿಲ್ಲ. ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರಿನ ಪ್ರದೇಶವಿದೆ. ಹುಬ್ಬಳ್ಳಿಯಲ್ಲೂ ಇದೆ, ವಿಜಾಪುರದಲ್ಲೂ, ಸೊಲ್ಲಾಪುರದಲ್ಲೂ ಇದೆ. ಅದೇನು ಇಂಗ್ಲಿಷ್ ಹೆಸರು ಎಂದು ನಾವು ಕೇಳಿದವರಲ್ಲ. ಬ್ರಿಟಿಷರು 1871ರಲ್ಲಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಹೇಳುವ ಕಾಯಿದೆ ಮಾಡಿದರು. 1911ರಲ್ಲಿ ಅದನ್ನು ಬಿಗಿ ಮಾಡಿ ಮುಂಬಯಿ ಪ್ರಾಂತಕ್ಕೂ ತಂದರು. ಕೊರವರು, ಘಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಇವರ ಹೆಸರು ದಾಖಲೆಗೆ ಹತ್ತಿತು. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಕೈಕೆಳಗೆ ಸೆಟ್ಲಮೆಂಟುಗಳು ಬೆಳೆದವು. ಊರೂರು ಅಲೆಯುವವರನ್ನು ಒಂದು ಕಡೆ ಕೂಡಿಸಿ ಗಿರಣಿಯಲ್ಲಿ, ರೇಲ್ವೆ ಕಾರಖಾನೆಯಲ್ಲಿ ಕೆಲಸಕ್ಕೆ ಹಚ್ಚುವುದು, ಮಕ್ಕಳಿಗೆ ಶಾಲೆ, ದಿನವೂ ಹಾಜರಿ. ಹೊರಗೆ ಹೋಗಬೇಕಾದರೆ ಪಾಸು.

ನಮ್ಮ ಅಜ್ಜಿಗೆ ಆ ಹಾಜರಿಯ ನೆನಪಿತ್ತು. ಅವಳು ಹೊಸದಾಗಿ ಲಗ್ನವಾಗಿ ಕಳಸಾಪುರಕ್ಕೆ ಬಂದ ಕಾಲ. ಕಸಬರಿಗೆ, ಈಚಲ ಬುಟ್ಟಿ ಮಾರುವ ಹೆಂಗಸೊಬ್ಬಳು ಬರುತ್ತಿದ್ದಳಂತೆ. ಮಾತು ಜೋರು, ವ್ಯಾಪಾರ ಇನ್ನೂ ಜೋರು. ಆದರೆ ಹೊತ್ತು ಇಳಿಯತೊಡಗಿದರೆ ಸಾಕು, ಕೊಟ್ಟಷ್ಟು ಜೋಳ ಉಡಿಯಲ್ಲಿ ಹಾಕಿಕೊಂಡು ಓಟ. "ಕುಂದ್ರವಾ, ಮಜ್ಜಿಗಿ ಕುಡ್ದು ಹೋಗು" ಎಂದರೆ, "ಹಾಜರಿ ತಪ್ಪತೈತೆವ್ವ" ಎನ್ನುತ್ತಿದ್ದಳಂತೆ. ಒಂದು ದಿನ ಮಳೆ ಹಿಡಿದು ನಿಲ್ಲಲಿಲ್ಲ. ಅಜ್ಜಿ ಪಡಸಾಲೆಯಲ್ಲಿ ಮಲಗು ಎಂದಳು. ಆಕೆ ಅಷ್ಟು ಮಳೆಯಲ್ಲೇ ಹೊರಟುಹೋದಳು. "ಮಲಗಾಕ ಜಾಗ ಕೊಡ್ತೀನಿ ಅಂದ್ರ ಅಕಿ ಅಂಜಿದ್ದು ನೋಡಿ ನನಗ ಅಂಜಿಕಿ ಬಂತು" ಎಂದು ಅಜ್ಜಿ ಹೇಳುವಾಗ ಪ್ರತಿಸಲವೂ ಸ್ವಲ್ಪ ಸುಮ್ಮನಾಗುತ್ತಿದ್ದಳು.

ಸರಕಾರದ ತರ್ಕ ವಿಚಿತ್ರ. ಮನೆಯಿಲ್ಲದವರು ನಿಲ್ದಾಣದಲ್ಲಿ ಉಳಿದರೆ ಕದ ಹಾಕಿ ಹೊರಗೆ, ಇವರು ಅಲೆದರೆ ಕದ ಹಾಕಿ ಒಳಗೆ. ಮುಂಬಯಿ ಸರಕಾರ 1949ರಲ್ಲಿ ಈ ಕಾಯಿದೆ ತೆಗೆಯಿತು, ಇಡೀ ದೇಶದಲ್ಲಿ ಅದು ಹೋದದ್ದು 1952ರ ಆಗಸ್ಟ್ 31ರಂದು. ಅದಕ್ಕೇ ಆ ಸಮಾಜದವರು ತಮ್ಮನ್ನು ವಿಮುಕ್ತರು ಎಂದು ಕರೆದುಕೊಳ್ಳುತ್ತಾರೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ ಬಂದ ಸ್ವಾತಂತ್ರ್ಯ ಅದು.

ಒಂದು ಕಾಯಿದೆ ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ಇತ್ತು. ಮೈಸೂರಿನಲ್ಲಿ 1944ರಲ್ಲಿ, ಮುಂಬಯಿಯಲ್ಲಿ 1945ರಲ್ಲಿ ಭಿಕ್ಷಾಟನೆ ತಡೆಯುವ ಕಾಯಿದೆಗಳು ಬಂದಿದ್ದವು. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆ 1975ರದು. ಭಿಕ್ಷುಕ ಎಂದರೆ ಯಾರು ಎಂದು ಅದು ಹೇಳುವ ರೀತಿ ನೋಡಬೇಕು. ಕೈಚಾಚಿದವನು ಸರಿ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಸಾರ್ವಜನಿಕ ಜಾಗದಲ್ಲಿ ತಿರುಗುತ್ತಿರುವವನು, ಉಳಿದಿರುವವನು, ಇವನು ಬೇಡಿಯೇ ಬದುಕುತ್ತಿರಬೇಕು ಎಂದು ಕಾಣುವಂತಿದ್ದರೆ ಅವನೂ ಭಿಕ್ಷುಕನೇ. ಅಂದರೆ ಹರಿದ ಸೀರೆಯುಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದರೂ ಸಾಕು! ಇಂಗ್ಲೆಂಡಿನಲ್ಲಿ 1824ರಷ್ಟು ಹಿಂದೆಯೇ ಬಯಲಿನಲ್ಲಿ ಮಲಗುವುದನ್ನು ಅಪರಾಧ ಮಾಡಿದ ಕಾಯಿದೆಯಿತ್ತು. ಅದನ್ನು ರದ್ದು ಮಾಡಲು ಅಲ್ಲಿನ ಪಾರ್ಲಿಮೆಂಟು ಒಪ್ಪಿದ್ದು 2022ರಲ್ಲಿ. ನಾವು ಮನೆಗೆ ಕಟ್ಟುವ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರವನ್ನೂ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿರಿ. ಆ ಹಣದಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯಬೇಕು. ಬೆಂಗಳೂರಿನ ಮಾಗಡಿ ರಸ್ತೆಯ ಅಂಥ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಸತ್ತದ್ದನ್ನು ಪೇಪರಿನಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ದಿನವೂ ಈ ಕೀಲಿಕೈಯ ಕಡೆಗೆ ಕಣ್ಣು ಹೋಗಿತ್ತು.

ಇನ್ನು ಕೀಲಿಕೈಯ ಮಾತು.

ನಾನು ಲಗ್ನವಾಗಿ ಹೋದ ಊರಿನ ಹೆಸರು ಬೇಡ. ಅಲ್ಲಿ ಪುರಸಭೆ ಕಟ್ಟಿಸಿದ ಒಂದು ಸಮಾಜಮಂದಿರವಿತ್ತು. ಒಂದು ದೊಡ್ಡ ಕೋಣೆ, ಮುಂದೆ ಉದ್ದನೆಯ ಪಡಸಾಲೆ, ಬದಿಗೆ ನಳ, ಹಿಂದೆ ಎರಡು ಪಾಯಖಾನೆ. ನಮ್ಮ ಮಹಿಳಾ ಮಂಡಳ ಅದರಲ್ಲಿ ಹೊಲಿಗೆಯ ಕ್ಲಾಸು, ಶಿಶುವಿಹಾರ ನಡೆಸುತ್ತಿತ್ತು. ನಾನು ಕಾರ್ಯದರ್ಶಿ. ಕೀಲಿಕೈ ನನ್ನ ಸೆರಗಿನ ತುದಿಯಲ್ಲಿ. ನಿಜ ಹೇಳಬೇಕೆಂದರೆ ಆ ಗಂಟಿನ ಭಾರ ನನಗೆ ಹಿತವಾಗಿಯೇ ಇತ್ತು.

ಆ ಪಡಸಾಲೆಯಲ್ಲಿ ರಾತ್ರಿ ಐದಾರು ಜನ ಮಲಗುತ್ತಿದ್ದರು. ಸಂತೆಯ ಹಮಾಲರಿಬ್ಬರು, ಕಣ್ಣು ಸರಿಯಿಲ್ಲದ ಒಬ್ಬ ಮುದುಕ, ಆಗಾಗ ಬಂದು ಹೋಗುವವರು, ಮತ್ತೆ ಒಬ್ಬ ಮುದುಕಿ. ನಾವು ಅವಳನ್ನು ಚೀಲದ ಆಯಿ ಎನ್ನುತ್ತಿದ್ದೆವು. ಗೊಬ್ಬರದ ಚೀಲವೊಂದು ಯಾವಾಗಲೂ ಜೊತೆಗೆ. ಬೆಳಿಗ್ಗೆ ನಾವು ಬರುವುದರೊಳಗೆ ತಾನು ಮಲಗಿದ ಜಾಗ ಗುಡಿಸಿ, ನಳದ ಬುಡ ತಿಕ್ಕಿ ಎದ್ದುಹೋಗಿರುತ್ತಿದ್ದಳು. ಉಳಿದವರು ಹಾಗಿರಲಿಲ್ಲ. ಬೀಡಿಯ ತುಂಡು, ಉಗುಳು, ಒಮ್ಮೊಮ್ಮೆ ಕುಡಿದವರ ವಾಂತಿ. ಹೊಲಿಗೆ ಕಲಿಯಲು ಬರುವ ಹುಡುಗಿಯರ ತಾಯಂದಿರು ಗೊಣಗತೊಡಗಿದರು. ಒಂದು ಹೊಲಿಗೆಯಂತ್ರದ ಪಟ್ಟಾ ಕಳೆಯಿತು, ಆಮೇಲೆ ನಳದ ತೋಟಿಯನ್ನೇ ಯಾರೋ ಬಿಚ್ಚಿ ಒಯ್ದರು.

ಸಭೆ ಸೇರಿತು. ಪಡಸಾಲೆಗೆ ಕಬ್ಬಿಣದ ಗೇಟು ಹಾಕಿಸುವುದು, ರಾತ್ರಿ ಎಂಟಕ್ಕೆ ಕೀಲಿ, ಬೆಳಿಗ್ಗೆ ಏಳಕ್ಕೆ ತೆಗೆಯುವುದು ಎಂದು ಠರಾವು. ಮಾಸ್ತರರ ಹೆಂಡತಿಯೊಬ್ಬರು, "ಪಾಪ, ಎಲ್ಲಿ ಹೋಗ್ತಾರ?" ಎಂದರು. ಎಲ್ಲರೂ ತಲೆ ತಗ್ಗಿಸಿದೆವು. ಆಗ ಬಾಗಿಲ ಬಳಿ ನಿಂತಿದ್ದ, ಕಟ್ಟಡ ಬಳಿಯುವ ಹೆಣ್ಣುಮಗಳು ಮಾತಾಡಿದಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. "ಅಕ್ಕಾರ, ಕರುಣಾ ನೀವು ಮಾಡ್ತೀರಿ. ಬಳಿಯಾಕಿ ನಾನು." ಅಷ್ಟೇ. ಠರಾವು ಪಾಸಾಯಿತು. ಅವಳ ಪಗಾರವನ್ನು ನಾಲ್ಕು ರೂಪಾಯಿ ಹೆಚ್ಚಿಸಿ ಇನ್ನೊಬ್ಬಳನ್ನು ಜೊತೆಗೆ ಹಾಕಬಹುದಿತ್ತು ಎಂದು ನನಗೆ ಹೊಳೆದದ್ದು ಗೇಟು ಕೂಡಿಸಿದ ಮೇಲೆ. ಮುಚ್ಚುವ ಹೊತ್ತನ್ನು ಗೊತ್ತು ಮಾಡುವವರು ಒಬ್ಬರು, ಹೊಲಸು ಬಳಿಯುವವರು ಒಬ್ಬರು, ಹೊರಗೆ ಉಳಿಯುವವರು ಇನ್ನೊಬ್ಬರು. ನಮ್ಮ ಠರಾವಿನ ಪುಸ್ತಕದಲ್ಲಿ ಸಹಿ ಇದ್ದದ್ದು ಮೊದಲನೆಯವರದು ಮಾತ್ರ.

ಮೊದಲ ರಾತ್ರಿ ಕೀಲಿ ಹಾಕಲು ನಾನೇ ಹೋದೆ. ಹಮಾಲರು ಬೈದುಕೊಳ್ಳುತ್ತ ಹೋದರು. ಮುದುಕನನ್ನು ಯಾರೋ ಕೈಹಿಡಿದು ನಡೆಸಿಕೊಂಡು ಹೋದರು. ಆಯಿ ಹೋಗಲಿಲ್ಲ. ಗೇಟಿನ ಹೊರಗೆ ಚೀಲ ಇಟ್ಟುಕೊಂಡು ಕುಳಿತಳು. ಜಗಳ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವಳು ಕೇಳಿದ್ದು, "ಯವ್ವಾ, ನಳಾ ಒಳಗ ಉಳೀತಲ್ಲ, ರಾತ್ರಿ ನೀರಡಿಕಿ ಆದ್ರ?" ಎಂದು. ನಾನು ಮನೆಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟೆ. ಬೆಳಿಗ್ಗೆ ತಂಬಿಗೆ ಗೇಟಿನ ಸರಳಿಗೆ ಆನಿಸಿ, ತೊಳೆದು, ಡಬ್ಬು ಹಾಕಿ ಇಟ್ಟಿತ್ತು.

ನಾಲ್ಕೈದು ದಿನ ಹಾಗೇ ನಡೆಯಿತು. ಆಮೇಲೆ ಮಳೆ ಬಂತು. ಗೇಟಿನ ಹೊರಗೆ ಮಾಡಿರಲಿಲ್ಲ. ನಮ್ಮ ಅಗಸಿಗೆ ಇದ್ದ ಹೊರಗಿನ ಕಟ್ಟೆಯಂಥದು ಏನನ್ನೂ ನಾವು ಯೋಚಿಸಿರಲಿಲ್ಲ. ಆಯಿ ಅಲ್ಲಿಂದ ಹೋದಳು. ಎಲ್ಲಿಗೆ ಎಂದು ತಿಳಿಯಲಿಲ್ಲ. ಗಾಡಿ ಬಂದು ಬೇಡುವವರನ್ನೆಲ್ಲ ಹತ್ತಿಸಿಕೊಂಡು ಹೋಯಿತು ಎಂದು ಒಬ್ಬರು, ಸೊಲ್ಲಾಪುರದ ರೈಲು ಹತ್ತಿದಳು ಎಂದು ಒಬ್ಬರು. ಅವಳು ಒಂದು ದಿನವೂ ನಮ್ಮೆದುರು ಬೇಡಿದ್ದನ್ನು ನಾನು ಕಾಣೆ. ತರಕಾರಿ ಸಂತೆಯಲ್ಲಿ ಉಳ್ಳಾಗಡ್ಡಿ ಸೋಸಿ ಕೊಟ್ಟು ನಾಲ್ಕು ಕಾಸು ಗಳಿಸುತ್ತಿದ್ದಳು. ಹೊಲಿಗೆಯಂತ್ರದ ಪಟ್ಟಾ ಕಪಾಟಿನ ಹಿಂದೆ ಬಿದ್ದದ್ದು ಗಣಪತಿ ಹಬ್ಬದ ಮುಂದೆ ಸಿಕ್ಕಿತು.

ಅದಾದ ಮೇಲೆ ಈ ವಿಷಯದ ಸುದ್ದಿ ಎಲ್ಲಿ ಕಂಡರೂ ಕತ್ತರಿಸಿ ಇಡುವ ಚಟ ಹತ್ತಿತು. 2009ರ ಡಿಸೆಂಬರಿನ ಚಳಿಯಲ್ಲಿ ದಿಲ್ಲಿಯಲ್ಲಿ ಒಂದು ತಾತ್ಕಾಲಿಕ ರಾತ್ರಿ ತಂಗುದಾಣವನ್ನು ಪಾಲಿಕೆಯವರೇ ಕಿತ್ತರು. ಮಾತು ಸುಪ್ರೀಂ ಕೋರ್ಟಿಗೆ ಹೋಯಿತು. ಆಹಾರದ ಹಕ್ಕಿನ ಮೊಕದ್ದಮೆ ಅಲ್ಲಿ 2001ರಿಂದ ನಡೆದೇ ಇತ್ತು. ಅದರಲ್ಲೇ 2010ರಲ್ಲಿ ಆದೇಶಗಳು ಬಂದವು. ಊರಿನ ಪ್ರತಿ ಒಂದು ಲಕ್ಷ ಜನಕ್ಕೆ ಒಂದು ಆಶ್ರಯ ಕೇಂದ್ರ ಬೇಕು, ಅದು ರಾತ್ರಿ ಮಾತ್ರವಲ್ಲ, ವರ್ಷದ ಎಲ್ಲ ದಿನ, ದಿನದ ಎಲ್ಲ ತಾಸು ತೆರೆದಿರಬೇಕು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಯೋಜನೆಯಲ್ಲೂ ಇದೇ ನಿಯಮ, ಒಬ್ಬರಿಗೆ ಐವತ್ತು ಚದರಡಿ ಜಾಗ. ಗದಗ-ಬೆಟಗೇರಿಯ ಜನಸಂಖ್ಯೆ 2011ರ ಗಣತಿಯಲ್ಲೇ ಒಂದು ಲಕ್ಷ ಎಪ್ಪತ್ತು ಸಾವಿರ ದಾಟಿತ್ತು ಎಂಬುದನ್ನು ಓದುಗರು ಲೆಕ್ಕ ಹಾಕಿಕೊಳ್ಳಲಿ.

ಇಪ್ಪತ್ನಾಲ್ಕು ತಾಸು ಯಾಕೆ ಎಂದು ಮೊದಲು ನನಗೂ ಅನ್ನಿಸಿತು. ಹಗಲು ದುಡಿಯಲಿ, ರಾತ್ರಿ ಮಲಗಲಿ ಎಂದುಕೊಳ್ಳುತ್ತೇವೆ. ಆದರೆ ಸಂತೆಯ ಹಮಾಲ ಲಾರಿ ಬರುವ ನಡುರಾತ್ರಿ ದುಡಿಯುತ್ತಾನೆ, ಅವನಿಗೆ ನಿದ್ದೆಯ ಹೊತ್ತು ಹಗಲು. ಜ್ವರ ಬಂದ ಮುದುಕಿಯನ್ನು ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಹೊರಗೆ ಹಾಕಿದರೆ ಹಾಸಿಗೆ ಕೊಟ್ಟದ್ದಕ್ಕೆ ಏನು ಅರ್ಥ? ಇನ್ನು ಹೆಂಗಸರದು. ಹಗಲಿಡೀ ಪಾಯಖಾನೆಯಿಲ್ಲದೆ ನೀರು ಕುಡಿಯದೆ ಕೂಡುವ ಕಷ್ಟ ಎಂಥದೆಂದು ಇದನ್ನು ಓದುವ ಯಾವ ಹೆಣ್ಣಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ಲಗ್ನಕ್ಕೆ ಹೋಗುವ ಬಸ್ಸಿನಲ್ಲಿ ಆರು ತಾಸು ಅನುಭವಿಸುತ್ತೇವೆ, ಅವರು ದಿನವೂ.

2011ರ ಫೆಬ್ರುವರಿ 28ರ ರಾತ್ರಿ ದೇಶದಲ್ಲೆಲ್ಲ ಗಣತಿಯವರು ಮನೆಯಿಲ್ಲದವರನ್ನು ಎಣಿಸಿದರು. ಅವರು ಎಚ್ಚರವಿದ್ದಾಗ ಎಣಿಸಿದರೆ ಯಾರು ಮನೆಯಿಲ್ಲದವರು ಎಂದು ಗೊತ್ತಾಗುವುದಿಲ್ಲವಲ್ಲ! ಅದಕ್ಕೇ ರಾತ್ರಿ. ದೇಶದಲ್ಲಿ ಹದಿನೇಳು ಲಕ್ಷದ ಮೇಲೆ, ನಮ್ಮ ರಾಜ್ಯದಲ್ಲಿ ಸುಮಾರು 76 ಸಾವಿರ ಎಂದು ಲೆಕ್ಕ ಬಂತು. ಆ ರಾತ್ರಿ ಆಯಿ ಬದುಕಿದ್ದರೆ ಎಲ್ಲೋ ಒಂದು ಕಟ್ಟೆಯ ಮೇಲೆ ಅವಳ ಲೆಕ್ಕವೂ ಆಗಿರಬೇಕು.

ಮತ್ತೆ 2020ರ ಮಾರ್ಚಿನಲ್ಲಿ ಕೊರೋನಾ ಬಂದು ಇಡೀ ದೇಶಕ್ಕೇ ಅಗಸಿ ಹಾಕಿದಂತಾಯಿತು. ಬಸ್‌ಸ್ಟ್ಯಾಂಡು, ರೈಲು, ಗುಡಿ, ಖಾನಾವಳಿ ಎಲ್ಲ ಬಂದ್. ಎಂದೂ ತೆರೆಯದ ಕದಗಳು ಆಗ ತೆರೆದವು. ಶಾಲೆ, ಹಾಸ್ಟೆಲು, ಕಲ್ಯಾಣಮಂಟಪಗಳಲ್ಲಿ ಹಾಸಿಗೆ ಹಾಸಿದರು. ರೋಗ ಇಳಿದ ಮೇಲೆ ಮತ್ತೆ ಮೊದಲಿನ ಹಾಗೆ.

ಹೋದ ವರ್ಷ ಮಗನ ಕೆಲಸದ ಊರಿಗೆ ಹೋಗಿದ್ದೆ. ಅಲ್ಲಿ ನಗರಸಭೆಯ ವಸತಿರಹಿತರ ಆಶ್ರಯ ಕೇಂದ್ರವಿದೆ ಎಂದು ಕೇಳಿ, ರಾತ್ರಿ ಒಂಬತ್ತರ ಸುಮಾರಿಗೆ ಮಗನನ್ನು ಕರೆದುಕೊಂಡು ನೋಡಲು ಹೋದೆ. ಗೋಡೆಯ ಮೇಲೆ 24 ತಾಸು ತೆರೆದಿರುತ್ತದೆ ಎಂದು ಬರೆದಿತ್ತು. ಗ್ರಿಲ್ಲು ಹಾಕಿತ್ತು. ಬಡಿದರೆ ತೆಗೆಯುತ್ತೇವೆ, ಹಾಕದಿದ್ದರೆ ಕುಡಿದವರು ನುಗ್ಗುತ್ತಾರೆ ಎಂದು ನೋಡಿಕೊಳ್ಳುವಾತ ಹೇಳಿದ. ಹೌದು, ತೆಗೆದ. ಹೆಂಗಸರ ಕೋಣೆಯಲ್ಲಿ ಹತ್ತು ಮಂಚ, ನಾಲ್ವರು ಇದ್ದರು. ಕಿಟಕಿಯ ಬದಿಯ ಮಂಚದ ಮೇಲೆ ಒಬ್ಬಾಕೆ ಗಂಟು ಬಿಚ್ಚದೆ ಕಾಲು ಇಳಿಬಿಟ್ಟು ಕುಳಿತಿದ್ದಳು. ನಾನು ಸಾಹೇಬರ ಪೈಕಿ ಎಂದುಕೊಂಡಳೋ ಏನೋ, ಎದ್ದು ನಿಂತಳು.

"ಕುಂದ್ರವಾ" ಎಂದೆ.

"ಮುಂಜಾನೆ ಎಷ್ಟಕ್ಕ ಹೊರಗ ಹಾಕ್ತಾರ್ರಿ?" ಎಂದು ಕೇಳಿದಳು.

"ಯಾರೂ ಹಾಕೂದಿಲ್ಲ ಅಜ್ಜಿ, ದಿನಾ ಹೇಳ್ತೀನಲ್ಲ" ಎಂದ ಆತ. ಆಮೇಲೆ ನನ್ನ ಕಡೆ ತಿರುಗಿ, ಆಕೆ ಬಂದು ಹದಿನೈದು ದಿನವಾಯಿತು, ಇನ್ನೂ ನಸುಕಿನ ನಾಲ್ಕಕ್ಕೇ ಎದ್ದು ಹಾಸಿಗೆ ಸುತ್ತಿ, ಜಾಗ ಗುಡಿಸಿ, ಗಂಟು ಹಿಡಿದು ಗ್ರಿಲ್ಲಿನ ಬಳಿ ಕುಳಿತಿರುತ್ತಾಳೆ ಎಂದ.